ಕಾಡು ಕಾದರೆ ಹೊಳೆ ಉಳಿದೀತೇ?

ಶಿವನಸಮುದ್ರದಲ್ಲಿ ಧುಮುಕಿ, ಶಿಂಷೆಯನ್ನು ಕೂಡಿಕೊಂಡು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಬರುವ ಹೊತ್ತಿಗೆ ಕಾವೇರಿ ಬಯಲಿನ ನಾಲೆಗಳ ಹಂಗು ಹರಿದುಕೊಂಡಂತೆ ಕಾಣುತ್ತದೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಇಲ್ಲಿನ ಕಾಡನ್ನು ಕಾಯುತ್ತಿದೆ. ದಡದ ಹೊಳೆಮತ್ತಿ ಮರಗಳಲ್ಲಿ ಬೂದುಬಣ್ಣದ ದೈತ್ಯ ಅಳಿಲು ಗೂಡು ಕಟ್ಟುತ್ತದೆ. ಮಡುಗಳಲ್ಲಿ ನೀರುನಾಯಿ, ಮೊಸಳೆಗಳಿವೆ. ಆದರೆ ಗಡಿಕಲ್ಲು ನೆಟ್ಟು ಕಾಡನ್ನು ಕಾಯಬಹುದು, ಹರಿಯುವ ನೀರನ್ನಲ್ಲ. ಇದಕ್ಕೆ ಸಾಕ್ಷಿ ಒಂದು ಮೀನು.

ಗೂನುಬೆನ್ನಿನ ಮಹಶೀರ್ ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ್ದು ಸುಮಾರು 54 ಕಿಲೊ ತೂಗಿತ್ತು. ಅದು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಖಚಿತವಾದದ್ದೇ 2018ರಲ್ಲಿ. ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಅದೇ ವರ್ಷ ಸೇರಿತು. ಬೇಟೆಗಾರರ ಸಿಡಿಮದ್ದೇ ಇದಕ್ಕೆ ಕಾರಣ, ಕಾವಲು ಬಿಗಿಯಾದರೆ ಸಾಕು ಎನ್ನುವವರಿದ್ದಾರೆ. ಸಿಡಿಮದ್ದು ನಿಜವಾದ ಪಿಡುಗೇ. ಆದರೆ ಮುತ್ತತ್ತಿಯ ಕೆಳಗಿನ ಗಾಳಿಬೋರೆ ಶಿಬಿರದಲ್ಲಿ ಹಿಡಿದು ಮರಳಿ ಬಿಟ್ಟ ಮೀನುಗಳ 1998–2012ರ ಲೆಕ್ಕ ಬೇರೆಯದನ್ನೇ ಹೇಳುತ್ತದೆ: ಅದೇ ಕಾವಲಿನಲ್ಲಿ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತು, ಗೂನುಬೆನ್ನಿನದು ಕುಸಿಯಿತು. ನೀಲಿ ರೆಕ್ಕೆಯದು ಇಲ್ಲಿಯದಲ್ಲ. ಲೋನಾವಳದ ಮರಿ ಸಾಕಣೆ ಕೇಂದ್ರದಿಂದ ಬಂದ ತಳಿ. ಮೀನು ಹೆಚ್ಚಿಸುವ ಒಳ್ಳೆಯ ಉದ್ದೇಶದಿಂದಲೇ ಅದನ್ನು ಬಿಟ್ಟದ್ದು. ಮರಿ ತಂದು ಬಿಟ್ಟರೆ ನಷ್ಟ ತುಂಬುತ್ತದೆ ಎಂಬ ವಾದಕ್ಕೆ ಇದೇ ಉತ್ತರ.

ಎರಡನೆಯ ಹೊಡೆತ ನೀರಿನ ಲಯಕ್ಕೆ ಬಿದ್ದದ್ದು. ಮಹಶೀರ್ ಮುಂಗಾರಿನ ಪ್ರವಾಹದ ಸುಳಿವು ಹಿಡಿದು ಎದುರೀಜಿ, ಆಮ್ಲಜನಕ ತುಂಬಿದ ತಿಳಿನೀರಿನ ಬೆಣಚುಕಲ್ಲುಗಳ ಮೇಲೆ ಮೊಟ್ಟೆಯಿಡುತ್ತದೆ. ಈಗ ಮೇಲೆ ಕನ್ನಂಬಾಡಿ ಅಣೆಕಟ್ಟು, ಕೆಳಗೆ 1934ರ ಮೆಟ್ಟೂರು ಅಣೆಕಟ್ಟು. ನಡುವಿನ ಹೊಳೆ ಏರುವುದೂ ಇಳಿಯುವುದೂ ಬಹುಮಟ್ಟಿಗೆ ತೂಬಿನ ಅಪ್ಪಣೆಯಂತೆ. ಹಾಗಾದರೆ ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರು ಬೇಡವೇ ಎಂದು ರೈತರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಮೀನಿಗಾಗಿ ಅವರ ಪಾಲನ್ನು ಕಸಿಯಬೇಕಿಲ್ಲ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವರ್ಷಕ್ಕೆ 177.25 ಟಿಎಂಸಿ ನೀರು ತಮಿಳುನಾಡು ಗಡಿಯ ಬಿಳಿಗುಂಡ್ಲುವಿಗೆ ತಲುಪಬೇಕು, ಅದರ ದಾರಿ ಮುತ್ತತ್ತಿಯ ಮೇಲೆಯೇ. ಆ ನೀರನ್ನು ಏಕಾಏಕಿ ಏರಿಸಿ ಇಳಿಸದೆ, ಮಳೆಗಾಲದ ಲಯಕ್ಕೆ ಹತ್ತಿರವಾಗಿ ಬಿಡುವುದಷ್ಟೇ ಬೇಡಿಕೆ. ಹೊರಗಿನ ಮರಿಗಳನ್ನು ಬಿಡುವುದನ್ನು ನಿಲ್ಲಿಸಬೇಕು, ಮೇಕೆದಾಟುವಿನ 67.16 ಟಿಎಂಸಿ ಜಲಾಶಯದ ಪ್ರಸ್ತಾವವನ್ನು ತೂಗುವಾಗ ಮುಳುಗುವ ಮರಗಳ ಜೊತೆಗೆ ನಿಂತುಹೋಗುವ ಹರಿವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಂತ ನೀರಿನಲ್ಲಿ ಈ ಮೀನಿನ ಸಂತತಿ ಬೆಳೆಯುವುದಿಲ್ಲ.