ಕಡಲತಡಿಯ ಋತುಮಾನ: ಉಡುಪಿ-ಕುಂದಾಪುರ ಪರಿಸರದ ಜನಪದ ಕಾಲಗಣನೆ

ಕರ್ನಾಟಕದ ಕರಾವಳಿಯನ್ನು ಕುರಿತ ಜಾನಪದ ಅಧ್ಯಯನಗಳಲ್ಲಿ ಭೂತಾರಾಧನೆ, ಯಕ್ಷಗಾನ, ಪಾಡ್ದನಗಳಿಗೆ ಸಂದ ಗಮನ ಕಡಲತಡಿಯ ದಿನನಿತ್ಯದ ಬದುಕಿಗೆ ಸಂದಿಲ್ಲ. ಭೂಪಟದಲ್ಲಿ ಕಡಲತಡಿ ಒಂದು ಗೆರೆ. ಮೊಗವೀರ, ಖಾರ್ವಿ ಮೊದಲಾದ ಸಮುದಾಯಗಳ ಪಾಲಿಗೆ ಅದು ವರ್ಷದಲ್ಲಿ ಹಲವು ಬಾರಿ ಅಗಲವನ್ನೂ ಉಪಯೋಗವನ್ನೂ ಬದಲಿಸಿಕೊಳ್ಳುವ ಸಾಮುದಾಯಿಕ ಅಂಗಳ. ಈ ಬದಲಾವಣೆಯನ್ನು ಅಳೆಯಲು ಅವರು ಬಳಸುವ ಕಾಲಗಣನೆಯು ಪಂಚಾಂಗ, ಗಾಳಿ, ನೀರಿನ ಬಣ್ಣ ಮತ್ತು ಮೀನಿನ ಬರವುಗಳನ್ನು ಒಟ್ಟಿಗೆ ಹೆಣೆದುಕೊಂಡಿದೆ.

ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ ನೇಮಗಳು ನಿಲ್ಲುತ್ತವೆ. ಕಡಲತಡಿಯಲ್ಲಿಯೂ ಇದೇ ಹೊತ್ತಿಗೆ ದೋಣಿಗಳನ್ನು ಮೇಲಕ್ಕೆ ಎಳೆದು ತೆಂಗಿನ ಗರಿಗಳ ಮರೆಗೆ ಸೇರಿಸುವ ಕೆಲಸ ಆರಂಭವಾಗುತ್ತದೆ. ನೈಋತ್ಯ ಮಾರುತ ಕಾಲಿಟ್ಟೊಡನೆ ದಂಡೆ ಕಿರಿದಾಗತೊಡಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಕಡಿದಾದ ಅಲೆಗಳು ಮರಳನ್ನು ಎಳೆದೊಯ್ದು ತುಸು ದೂರದಲ್ಲಿ ನೀರಿನಡಿಯ ದಿಬ್ಬಗಳಾಗಿ ಇರಿಸುತ್ತವೆ. ಸೆಪ್ಟೆಂಬರ್ ಬಳಿಕ ಏಳುವ ತಗ್ಗಿನ ಅಲೆಗಳು ಆ ಮರಳನ್ನೇ ಮೆಲ್ಲನೆ ಹಿಂದಕ್ಕೆ ತರುತ್ತವೆ. ಮಳೆಗಾಲದಲ್ಲಿ ಕಂಡ ದಂಡೆ ಮಾಗಿಯಲ್ಲಿ ಕಾಣುವ ದಂಡೆಯಲ್ಲ ಎಂಬುದು ಇಲ್ಲಿನ ಹಿರಿಯರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ತುಳುವಿನಲ್ಲಿ ಆಟಿ, ಕುಂದಾಪುರದ ಕನ್ನಡದಲ್ಲಿ ಆಸಾಡಿ ಎನಿಸುವ ತಿಂಗಳು ಕೊರತೆಯ ತಿಂಗಳು. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಹಲಸಿನ ಬೀಜ, ಕೆಸುವಿನ ಎಲೆ ಇವೇ ಆಗ ಆಧಾರ. ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿ ಬೇಸಾಯಗಾರರಲ್ಲಿಯೂ ಮೀನುಗಾರರಲ್ಲಿಯೂ ಉಂಟು. ಅದೇ ದಿನ, ಕರ್ಕಾಟಕ ಅಮಾವಾಸ್ಯೆಯ ಹೆಸರಿನಲ್ಲಿ, ಬೈಂದೂರು ತಾಲ್ಲೂಕಿನ ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಾಲಯದಲ್ಲಿ ಜಾತ್ರೆ ನಡೆಯುತ್ತದೆ. ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಕಡಲು. ನಡುವೆ ಕಿರಿದಾದ ನೆಲ ಹಾಗೂ ಹೆದ್ದಾರಿ. ನವದಂಪತಿಗಳೂ ಮೀನುಗಾರರೂ ಅಂದು ಬಂದು ಮಿಂದು ದೇವರ ದರ್ಶನ ಪಡೆಯುತ್ತಾರೆ. ಕಡಲು ಅತ್ಯಂತ ಒರಟಾಗಿರುವ, ದಂಡೆ ಅತ್ಯಂತ ಕಿರಿದಾಗಿರುವ ಹೊತ್ತಿನಲ್ಲಿಯೇ ಜನ ಅಲ್ಲಿ ನೆರೆಯುತ್ತಾರೆಂಬುದು ಗಮನಾರ್ಹ. ಶುಭಕಾರ್ಯಗಳಿಗೆ ಒಲ್ಲದ ತಿಂಗಳು ಕಡಲ ಮುಖಾಮುಖಿಗೆ ಒಲ್ಲದ್ದಾಗಿಲ್ಲ.

ಶ್ರಾವಣದ ನೂಲಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ, ಹೂವುಗಳನ್ನು ಅರ್ಪಿಸುವ ಸಮುದ್ರಪೂಜೆಯೊಡನೆ ಹೊಸ ವರ್ಷದ ಮೀನುಗಾರಿಕೆ ತೆರೆದುಕೊಳ್ಳುತ್ತದೆ. ಮೀನಿನ ಸಂತಾನವನ್ನು ಕಾಯಲೆಂದೇ ಪೂರ್ವಜರು ಈ ವಿರಾಮವನ್ನು ವಿಧಿಸಿದ್ದರೆಂಬ ಮಾತು ಈಚೆಗೆ ಬಹಳ ಪ್ರಚಾರದಲ್ಲಿದೆ. ಇದನ್ನು ಎಚ್ಚರದಿಂದ ಸ್ವೀಕರಿಸಬೇಕು. ಸಣ್ಣ ದೋಣಿಗಳು ಮಳೆಗಾಲದ ಅಲೆಸಾಲನ್ನು ದಾಟಲಾರವು ಎಂಬುದೇ ವಿರಾಮದ ಮೊದಲ ಕಾರಣ. ಗಾಳಿ ಬಿಡುವು ಕೊಟ್ಟ ದಿನಗಳಲ್ಲಿ ನಾಡದೋಣಿಗಳು ಸೀಗಡಿಗಾಗಿ ಕಡಲಿಗೆ ಇಳಿಯುತ್ತವೆ. ಬಂಗುಡೆ, ಬೂತಾಯಿಗಳು ಇದೇ ಅವಧಿಯಲ್ಲಿ ಹೆಚ್ಚಾಗಿ ಮೊಟ್ಟೆಯಿಡುವುದರಿಂದ ವಿರಾಮದ ಫಲ ಸಂತಾನರಕ್ಷಣೆಯೂ ಆಯಿತು. ಫಲವನ್ನೇ ಉದ್ದೇಶವೆಂದು ಓದುವುದು ಶಾಸ್ತ್ರೀಯವಾಗದು. ಉದ್ದೇಶಪೂರ್ವಕವಾದ ನಿಷೇಧ ಬಂದುದು ಶಾಸನದ ಮೂಲಕ. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ಈಚಿನ ವರ್ಷಗಳಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಇಲ್ಲಿ ಎರಡು ಕಾಲಗಣನೆಗಳು ಹೊಂದುವುದಿಲ್ಲ. ನೂಲಹುಣ್ಣಿಮೆ 2020ರಲ್ಲಿ ಆಗಸ್ಟ್ 3ರಂದು ಬಂದಿತು. ಅಧಿಕಮಾಸವಿದ್ದ 2023ರಲ್ಲಿ ಆಗಸ್ಟ್ 30ರಂದು. ಹಾಗಾಗಿ ಪೂಜೆಗೆ ಮೊದಲೇ ಯಾಂತ್ರಿಕ ದೋಣಿಗಳು ಕಡಲಿಗೆ ಹೋಗಲು ಕಾನೂನಿನ ಅಡ್ಡಿಯಿಲ್ಲ. ಆದರೂ ಪೂಜೆ ಕೈಬಿಟ್ಟಿಲ್ಲ. ಕಡಲನ್ನು ತೆರೆಯುವ ಅಧಿಕಾರ ಅದರ ಕೈಯಿಂದ ಜಾರಿದೆ, ಅಷ್ಟೆ.

ಮಳೆಗಾಲದಲ್ಲಿ ತಳದ ತಂಪು ನೀರು ಮೇಲಕ್ಕೆ ಬಂದು ಕಡಲಿನ ಸೂಕ್ಷ್ಮಜೀವಿಗಳು ಸಮೃದ್ಧವಾಗುತ್ತವೆ. ಅದರ ಬೆನ್ನಿಗೆ ಬೂತಾಯಿ, ಬಂಗುಡೆಯ ಹಿಂಡುಗಳು ದಂಡೆಯ ಸಮೀಪಕ್ಕೆ ಬರುತ್ತವೆ. ಈ ಬರವನ್ನು ನಂಬಿಯೇ ರಂಪಣಿ ಬಲೆ ಬೆಳೆದದ್ದು. ಒಂದು ಕಿಲೋಮೀಟರಿಗೂ ಮಿಕ್ಕ ಉದ್ದದ ಈ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧವೃತ್ತಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ದಂಡೆಯಿಂದ ನೂರರಷ್ಟು ಮಂದಿ ಎಳೆಯುತ್ತಿದ್ದರು. ಬಲೆ ಒಬ್ಬನ ಸೊತ್ತಲ್ಲ; ಹಲವು ಮನೆಗಳ ತುಂಡುಗಳನ್ನು ಜೋಡಿಸಿ ಅದು ರೂಪುಗೊಳ್ಳುತ್ತಿತ್ತು, ಪಾಲೂ ಆ ಲೆಕ್ಕದಲ್ಲಿ. ದಂಡೆಯ ಮೇಲಿನ ನ್ಯಾಯ, ಮರ್ಯಾದೆ, ಜಗಳ, ಹಾಸ್ಯಗಳೆಲ್ಲ ಈ ಎಳೆತದ ಸುತ್ತ ಬೆಳೆದವು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ದಂಡೆಗೆ ತಲುಪುವ ಮುನ್ನವೇ ಸುತ್ತುವರಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಕುಸಿಯಿತು. ಉಳಿದದ್ದು ಅದರ ಕಿರಿಯ ರೂಪವಾದ ಕೈರಂಪಣಿ. ಬಲೆಯೊಂದು ಹೋದಾಗ ಅದನ್ನು ಆಧರಿಸಿದ ಶಬ್ದಸಂಪತ್ತೂ ಹೋಗುತ್ತದೆ. ಸಂಗ್ರಾಹಕರು ಹಾಡುಗಳನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ಪಾಲಿನ ಲೆಕ್ಕದ ಮಾತುಗಳನ್ನು ಬರೆದುಕೊಳ್ಳಲಿಲ್ಲ.

ಬೇಸಿಗೆಯ ದಂಡೆ ಬಹುಮಟ್ಟಿಗೆ ಹೆಂಗಸರದು. ಅಗಲವಾದ ಬಿಸಿಮರಳಿನ ಮೇಲೆ ಮೀನು ಒಣಗಿಸಿ, ತಿರುವಿ, ಹದ ನೋಡಿ ಎತ್ತಿಡುವುದು ಅವರ ಕೆಲಸ. ಆಸಾಡಿಯ ಊಟವೂ ಆ ತಿಂಗಳ ಕೈಗಾಸೂ ಇಲ್ಲಿಯೇ ಸಿದ್ಧವಾಗುತ್ತವೆ.

ಈ ಚಕ್ರಕ್ಕೆ ಇಂದು ಎದುರಾಗಿರುವ ಮುಖ್ಯ ಅಡ್ಡಿ ಕಡಲ್ಕೊರೆತದ ಕಲ್ಲಿನ ತಡೆಗೋಡೆ. ನದೀಮುಖಗಳ ಹಾಗೂ ಅಲೆತಡೆಗಳ ಬಳಿ ಕೊರೆತ ಶಾಶ್ವತವಾದದ್ದೇ. ಮನೆ, ತೆಂಗಿನ ತೋಟ ಕಳೆದುಕೊಂಡವರಿಗೆ ಋತುಚಕ್ರದ ವಿವರಣೆ ಸಮಾಧಾನವಾಗದು. ಆದರೆ ಜುಲೈಯಲ್ಲಿ ಅಳೆದ ದಂಡೆಯನ್ನೇ ನಿಜವಾದ ದಂಡೆಯೆಂದು ಬಗೆದು ಬಂಡೆಗಳನ್ನು ಸುರಿದಲ್ಲಿ, ಜನವರಿಯ ಮರಳು ಬಂದು ಹರಡಲು ತಾವೇ ಇರುವುದಿಲ್ಲ. ಗೋಡೆಯ ಮೇಲೆ ಕೈರಂಪಣಿ ಎಳೆಯಲಾಗದು, ದೋಣಿ ಏರಿಸಲಾಗದು, ಮೀನು ಹರಡಲಾಗದು. ಮಾಗಿಯ ರಾತ್ರಿಗಳಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗೂ ಆ ಬಂಡೆಗಳೇ ಅಡ್ಡ. ಎಲ್ಲಿ ಕೊರೆತ ನಿಜ, ಎಲ್ಲಿ ಅದು ಆಸಾಡಿಯ ಸಹಜ ಸವೆತ ಎಂಬುದನ್ನು ವಿಂಗಡಿಸಬಲ್ಲ ಜ್ಞಾನ ಕೈರಂಪಣಿ ಎಳೆದ ಹಿರಿಯರಲ್ಲಿದೆ. ಅವರು ಊರಿನ ಒಂದೊಂದು ತಾಣಕ್ಕೂ ಮರಳು ಮರಳುವ ತಿಂಗಳನ್ನು ಹೆಸರಿಸಬಲ್ಲರು. ಗೋಡೆಯ ನಕ್ಷೆ ತಯಾರಾಗುವ ಮೊದಲು ಆ ತಿಂಗಳುಗಳ ದಾಖಲೆ ತಯಾರಾಗಬೇಕಾಗಿದೆ.