ವಿಧಾನಸೌಧವನ್ನು ಒಳಹೊಕ್ಕು ನೋಡುವುದು ಹೇಗೆ?

ಬೆಂಗಳೂರಿಗೆ ಬಂದವರು ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಳ್ಳದೆ ಊರಿಗೆ ಮರಳುವುದು ಕಡಿಮೆ. ಆದರೆ ಕಚೇರಿಯಲ್ಲಿ ಕೆಲಸವಿಲ್ಲದವರ ಪಾಲಿಗೆ ಭೇಟಿ ಬೇಲಿಯ ಹೊರಗೇ ಮುಗಿಯುತ್ತಿತ್ತು. 2025ರ ಜೂನ್‌ನಲ್ಲಿ ಪ್ರವಾಸೋದ್ಯಮ ಇಲಾಖೆ ಮಾರ್ಗದರ್ಶಿಗಳ ಜತೆ ಒಳಗೆ ಕರೆದೊಯ್ಯುವ ವ್ಯವಸ್ಥೆ ಆರಂಭಿಸಿತು. ನಮ್ಮ ದುಡ್ಡಿನಲ್ಲಿ ಕಟ್ಟಿದ, ನಮ್ಮ ಕೆಲಸಕ್ಕೆಂದೇ ಇರುವ ಈ ಕಚೇರಿಯನ್ನು ಪ್ರತಿಯೊಬ್ಬರೂ ಒಮ್ಮೆಯಾದರೂ ಒಳಗಿನಿಂದ ನೋಡಬೇಕು.

ಹೋಗುವ ಮುನ್ನ

ಪ್ರವಾಸ ಇರುವುದು ಭಾನುವಾರ ಹಾಗೂ ಎರಡನೇ, ನಾಲ್ಕನೇ ಶನಿವಾರಗಳಂದು, ಅಂದರೆ ಕಚೇರಿಗೆ ರಜೆ ಇರುವ ದಿನ. ಟಿಕೆಟನ್ನು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಆರಂಭದಲ್ಲಿ ವಯಸ್ಕರಿಗೆ 50 ರೂಪಾಯಿ ನಿಗದಿಯಾಗಿತ್ತು, ಮಕ್ಕಳಿಗೆ ಉಚಿತ. ಸುಮಾರು 30 ಜನರ ತಂಡ, ಒಂದೂವರೆ ಗಂಟೆಯ ಸುತ್ತಾಟ. ದರ, ವೇಳೆ ಬದಲಾಗಿರಬಹುದು, ಕಾಯ್ದಿರಿಸುವಾಗ ನೋಡಿಕೊಳ್ಳಿ. ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ. ತಪಾಸಣೆಗೆ ಸಮಯ ಹಿಡಿಯುವುದರಿಂದ ಅರ್ಧ ಗಂಟೆ ಮೊದಲೇ ಹೋಗುವುದು ಒಳ್ಳೆಯದು. ನೇರಳೆ ಮಾರ್ಗದ ಮೆಟ್ರೊದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿದರೆ ಕಟ್ಟಡ ಪಕ್ಕದಲ್ಲೇ ಇದೆ.

ಸಾಧ್ಯವಾದರೆ ಬೆಳಗಿನ ತಂಡಕ್ಕೇ ಸೇರಿಕೊಳ್ಳಿ. ಕಟ್ಟಡದ ಮುಂಭಾಗ ಪೂರ್ವಕ್ಕಿದೆ. ಎಳೆಬಿಸಿಲು ಬಿದ್ದಾಗ ಕಲ್ಲಿನ ಕೆತ್ತನೆಯ ನೆರಳು-ಬೆಳಕು ಚೆನ್ನಾಗಿ ಎದ್ದು ಕಾಣುತ್ತದೆ.

ಕಟ್ಟಿದ ಬಗೆ

1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದಾಗ ಯೋಜನೆ ಸರಳವಾಗಿತ್ತು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಲಿಸಿದರು. ಬೆಂಗಳೂರು ನೋಡಲು ಬಂದ ರಷ್ಯನ್ ನಿಯೋಗವೊಂದು, ನಿಮ್ಮದೇ ವಾಸ್ತುಶೈಲಿ ಇಲ್ಲವೇ ಎಂದು ಕೇಳಿದ್ದು ತಮ್ಮನ್ನು ಚುಚ್ಚಿತೆಂದು ಅವರು ಹೇಳಿಕೊಂಡಿದ್ದರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ದ್ರಾವಿಡ ಶೈಲಿಯ ಹೊಸ ನಕ್ಷೆ ಸಿದ್ಧವಾಯಿತು. ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ಸಾವಿರಾರು ಕಾರ್ಮಿಕರು ದುಡಿದರು, ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. 1956ರಲ್ಲಿ ಕಟ್ಟಡ ಪೂರ್ಣಗೊಂಡಿತು. ಖರ್ಚು 1.84 ಕೋಟಿ ರೂಪಾಯಿ. ಅಂದಿಗೆ ಇದು ದುಂದು ಎಂಬ ಟೀಕೆ ಜೋರಾಗಿಯೇ ಇತ್ತು. ಆದರೆ ಅದೇ ವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ, ಹಳೇ ಮೈಸೂರಿಗೆಂದು ಕಟ್ಟಿದ ಸೌಧ ಬೀದರ್‌ನಿಂದ ಮಂಗಳೂರಿನವರೆಗಿನ ಇಡೀ ರಾಜ್ಯದ ಶಾಸನಸಭೆಯಾಯಿತು.

ಏನನ್ನು ನೋಡಬೇಕು?

ಮೊದಲು ಮುಂಭಾಗದ ಮೆಟ್ಟಿಲು. 200 ಅಡಿಗೂ ಹೆಚ್ಚು ಅಗಲದ 45 ಮೆಟ್ಟಿಲುಗಳು, ಅದರ ಮೇಲೆ 40 ಅಡಿ ಎತ್ತರದ 12 ಕಂಬಗಳ ಮೊಗಸಾಲೆ. ಮೇಲೆ 60 ಅಡಿ ವ್ಯಾಸದ ಗುಮ್ಮಟ, ಅದರ ತುದಿಯಲ್ಲಿ ನಾಲ್ಕು ಸಿಂಹಗಳ ರಾಷ್ಟ್ರಲಾಂಛನ. ಕತ್ತೆತ್ತಿದರೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹ.

ಬಳಿಕ ಕಲ್ಲಿನ ಹತ್ತಿರ ಹೋಗಿ. ಗೋಡೆಯ ಬೂದುಬಣ್ಣದ ಗ್ರಾನೈಟ್ ಮಲ್ಲಸಂದ್ರ, ಹೆಸರಘಟ್ಟದ ಸುತ್ತಲಿನದು. ಅಲಂಕಾರಕ್ಕೆ ಬಳಸಿರುವುದು ಮಾಗಡಿಯ ನಸುಗೆಂಪು ಮತ್ತು ತುರುವೇಕೆರೆಯ ಕಪ್ಪು ಕಲ್ಲು. ಬೇಲೂರಿನ ಬಳಪದ ಕಲ್ಲು ಮೆದು, ಉಳಿ ಹೇಳಿದಂತೆ ಕೇಳುತ್ತದೆ, ಆಭರಣದ ಎಳೆಯನ್ನೂ ಅದರಲ್ಲಿ ಬಿಡಿಸಬಹುದು. ಗ್ರಾನೈಟ್ ಹಾಗಲ್ಲ. ಅದಕ್ಕೇ ಇಲ್ಲಿನ ಕೆತ್ತನೆ ಕುಸುರಿಗಿಂತ ದೊಡ್ಡ ರೂಪಗಳನ್ನು ನೆಚ್ಚಿಕೊಂಡಿದೆ. ಇಷ್ಟು ಗಟ್ಟಿ ಕಲ್ಲಿನಲ್ಲಿ, ಇಷ್ಟು ಕಡಿಮೆ ಅವಧಿಯಲ್ಲಿ, ಇಷ್ಟೊಂದು ಕೆಲಸ ಮಾಡಿದ ಕಲ್ಲುಕುಟಿಗರ ಶ್ರಮ ನಿಜಕ್ಕೂ ದೊಡ್ಡದು.

ಸಚಿವ ಸಂಪುಟ ಸಭಾಂಗಣದ ಕೆತ್ತನೆಯ ಶ್ರೀಗಂಧದ ಬಾಗಿಲು ಒಳಾಂಗಣದ ಹೆಮ್ಮೆ. ಅದನ್ನು ನೋಡಲು ಅವಕಾಶವಿದೆಯೇ ಎಂದು ಮಾರ್ಗದರ್ಶಿಯನ್ನು ಕೇಳಿ.

ಹೊರಬಂದ ಮೇಲೆ ರಸ್ತೆಯಾಚೆಯ ಕೆಂಪು ಕಟ್ಟಡದತ್ತ ನೋಡಿ. ಅದು 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿ, ಈಗಿನ ಹೈಕೋರ್ಟ್. ವಿಧಾನಸೌಧಕ್ಕೆ ಮೊದಲು ಸರ್ಕಾರದ ಕಚೇರಿಗಳಿದ್ದದ್ದು ಅಲ್ಲಿಯೇ. ಬ್ರಿಟಿಷರ ಕಾಲದ ಆ ಕಟ್ಟಡವನ್ನೂ ಸ್ವತಂತ್ರ ಭಾರತದ ಈ ಕಟ್ಟಡವನ್ನೂ ಒಟ್ಟಿಗೆ ನೋಡಿದರೆ ಕೆಂಗಲ್ ಅವರ ಹಟ ಏನಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಮ್ಮೆ ಬನ್ನಿ

ರಜಾದಿನದ ಪ್ರವಾಸದಲ್ಲಿ ಕಾಣುವುದು ಕಟ್ಟಡ ಮಾತ್ರ. ಅಧಿವೇಶನ ನಡೆಯುವಾಗ ಪಾಸ್ ಪಡೆದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತರೆ, ನಿಮ್ಮ ಕ್ಷೇತ್ರದ ಶಾಸಕರು ಏನು ಕೇಳುತ್ತಾರೆ, ಮಂತ್ರಿಗಳು ಏನು ಉತ್ತರಿಸುತ್ತಾರೆ ಎಂಬುದನ್ನು ಕಣ್ಣಾರೆ ಕಾಣಬಹುದು. ಪಾಸ್‌ಗಾಗಿ ನಿಮ್ಮ ಶಾಸಕರ ಕಚೇರಿಯಲ್ಲಿ ವಿಚಾರಿಸಿ. ಮಕ್ಕಳನ್ನು ಮೊದಲು ಕಲ್ಲು ನೋಡಲು, ಆಮೇಲೆ ಕಲಾಪ ನೋಡಲು ಕರೆತನ್ನಿ. ಮತ ಹಾಕುವ ವಯಸ್ಸು ಬರುವ ಹೊತ್ತಿಗೆ ತಮ್ಮ ಮತ ಎಲ್ಲಿಗೆ ತಲುಪುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.