ಚಪ್ಪಾಳೆಯಿಲ್ಲದ ಅಂಗಳದಲ್ಲಿ

ಹಿರೇಕೆರೂರಿನ ಟೆನ್ನಿಸ್ ಬಾಲ್ ಪಂದ್ಯಗಳನ್ನು ಕಂಡವರಿಗೆ, ಕ್ರಿಕೆಟ್ಟೆಂಬುದು ಆಡುವವರಿಂದ ಮಾತ್ರ ಆಗತಕ್ಕದ್ದಲ್ಲವೆಂಬುದು ಗೊತ್ತು. ಬೌಂಡರಿ ಗೆರೆಯನ್ನು ತುಳಿದು ನಿಂತ ಜನ, ಮೈಕು ಹಿಡಿದು ಬಿಡುವಿಲ್ಲದೆ ವರ್ಣಿಸುವ ವಾಚಾಳಿ, ಔಟಾದವನನ್ನು ಹೆಸರು ಹಿಡಿದು ಛೇಡಿಸುವ ಪಕ್ಕದೂರಿನ ಹುಡುಗರು, ಇವರೆಲ್ಲ ಕೂಡಿದರೇನೇ ಅದು ಆಟ. ಆದುದರಿಂದ ಕೋವಿಡ್ ಹಾವಳಿಯ 2020ರ ಸೆಪ್ಟೆಂಬರಿನಲ್ಲಿ ದುಬೈ, ಅಬುಧಾಬಿ, ಶಾರ್ಜಾಗಳ ನಿರ್ಜನ ಕ್ರೀಡಾಂಗಣಗಳಲ್ಲಿ ಐಪಿಎಲ್ ಮೊದಲಾದಾಗ, ಪ್ರಸಾರಕರು ಮುದ್ರಿತ ಜನಘೋಷವನ್ನು ಬೆರೆಸಿ ಬಿತ್ತರಿಸಿದರೂ, ಉಪ್ಪಿಲ್ಲದ ಊಟದಂತೆ ಅದು ನಮ್ಮವರಿಗೆ ರುಚಿಸದೆ ಹೋದುದು ಸಹಜವೇ. ನೋಡುವವರ ಪಾಡು ಹಾಗಿರಲಿ. ಆಡುವವರ ಮನಸ್ಸು ಆ ಮೌನವನ್ನು ಹೇಗೆ ಅರಗಿಸಿಕೊಂಡಿತೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಸಾವಿರಾರು ಕಂಠಗಳ ಘೋಷ ಆಟಗಾರನಿಗೆ ಹೊರಗಿನಿಂದ ಒದಗುವ ಚೈತನ್ಯ. ದಣಿದ ವೇಗದ ಬೌಲರನು ದಿನದ ಕೊನೆಯ ಓವರಿಗೆ ಓಡಿಬರುವಾಗ ಆತನ ಹೆಜ್ಜೆಗೆ ತಾಳ ಹಾಕುವುದು ಅದೇ. ಆ ವರ್ಷದ ಜುಲೈಯಲ್ಲಿ ಸೌತಾಂಪ್ಟನ್ನಿನಲ್ಲಿ ಟೆಸ್ಟ್ ಕ್ರಿಕೆಟ್ಟು ಪುನರಾರಂಭವಾಗುವ ಮುನ್ನವೇ ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್, ಬರಿದಾದ ಅಂಗಳದಲ್ಲಿ ತಮ್ಮ ಆವೇಶವನ್ನು ಬೇಕಾದ ಮಟ್ಟಕ್ಕೆ ಏರಿಸಿಕೊಳ್ಳುವ ಬಗೆಯನ್ನು ಕುರಿತು ತಂಡದ ಮನಶ್ಶಾಸ್ತ್ರಜ್ಞರೊಡನೆ ಸಮಾಲೋಚಿಸಿದ್ದುಂಟು.

ಆದರೆ ಈ ಚಿಂತೆ ತುಂಬಿದ ಸಭೆಗೆ ಒಗ್ಗಿಹೋದವರದು. ರಣಜಿ ಪಂದ್ಯಗಳನ್ನಾಡಿ ಬೆಳೆದವನಿಗೆ ಖಾಲಿ ಕುರ್ಚಿಗಳು ಹೊಸತಲ್ಲ. ನಾಲ್ಕು ದಿನಗಳ ಆ ಆಟವನ್ನು ಕಾವಲುಗಾರರೂ ಕೆಲವು ನಿವೃತ್ತರೂ ಹೊರತು ನೋಡುವವರಾದರೂ ಯಾರು? ನಮ್ಮ ನೆರೆಯ ದಾವಣಗೆರೆಯ ವಿನಯ್ ಕುಮಾರರು 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಬೆನ್ನುಬೆನ್ನಿಗೆ ರಣಜಿ ಕಿರೀಟವನ್ನು ತಂದಿತ್ತುದರ ಹಿಂದಿನ ವರ್ಷಗಳ ದುಡಿಮೆಯೆಲ್ಲ ಬಹುಮಟ್ಟಿಗೆ ಇಂಥ ನಿಶ್ಶಬ್ದದಲ್ಲಿಯೇ ನಡೆದದ್ದು. ಗದಗಿನ ಸುನಿಲ್ ಜೋಶಿಯವರು, ಬಾಲ್ಯದಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸಮಾಡಿ ಶಾಲೆಯ ವೇಳೆಗೆ ಮರಳುತ್ತಿದ್ದವರು, 1995-96ರ ಋತುವೊಂದರಲ್ಲಿಯೇ ರಣಜಿಯಲ್ಲಿ 500ಕ್ಕೆ ಮಿಕ್ಕ ರನ್ನುಗಳನ್ನೂ 50ಕ್ಕೆ ಮಿಕ್ಕ ವಿಕೆಟ್ಟುಗಳನ್ನೂ ಗಳಿಸಿದಾಗ ಅವರನ್ನು ಹುರಿದುಂಬಿಸಿದ್ದು ಯಾವ ಜನಸಾಗರವೂ ಅಲ್ಲ. ಪ್ರತಿ ಚೆಂಡಿಗೆ ಮುನ್ನ ಅದೇ ಉಸಿರು, ಅದೇ ಗುರುತು, ಅದೇ ಹೆಜ್ಜೆಗಳೆಂಬ ಸ್ವಯಂಕೃತ ನಿಯಮವೇ ಅಂಥವರಿಗೆ ಆಶ್ರಯ. ಆಟವೆಲ್ಲ ನಿರ್ಜನವಾದ 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷಸ್ಥಾನದಲ್ಲಿ ಇದೇ ಜೋಶಿಯವರಿದ್ದರು!

ಮೌನದಿಂದ ಲಾಭವೂ ಉಂಟು. ಗದ್ದಲದಲ್ಲಿ ಮುಳುಗಿಹೋಗುವ ಬ್ಯಾಟಿನ ಅಂಚಿನ ಸಣ್ಣ ಸದ್ದು ಕೀಪರಿಗೂ ಅಂಪೈರಿಗೂ ಸ್ಪಷ್ಟವಾಗಿ ಕೇಳುತ್ತದೆ. ಜೊತೆಗಾರನ ಕರೆ ತಪ್ಪುವುದಿಲ್ಲ. ಅನಿಲ್ ಕುಂಬ್ಳೆಯವರ ಮಾರ್ಗದರ್ಶನದಲ್ಲಿದ್ದ ಪಂಜಾಬ್ ತಂಡದ ಕೆ. ಎಲ್. ರಾಹುಲ್, ಮಯಾಂಕ್ ಅಗರವಾಲರು ವಿಕೆಟ್ಟುಗಳ ನಡುವೆ ಕನ್ನಡದಲ್ಲಿ ಕೂಗಿಕೊಳ್ಳುತ್ತಿದ್ದುದು ಸ್ಟಂಪಿನ ಮೈಕಿನ ಮೂಲಕ ಮನೆಮನೆಗೂ ಕೇಳಿಸಿತು. ರಾಹುಲರೇ ಆ ವರ್ಷದ ಐಪಿಎಲ್‌ನಲ್ಲಿ 670 ರನ್ನುಗಳೊಡನೆ ಅಗ್ರಸ್ಥಾನದಲ್ಲಿದ್ದರು.

ಪ್ರೇಕ್ಷಕವರ್ಗ ಸದಾ ವರವೇ ಎಂದೂ ಹೇಳಲಾಗದು. 1999ರ ಫೆಬ್ರುವರಿಯಲ್ಲಿ ಕಲ್ಕತ್ತೆಯ ಈಡನ್ ಅಂಗಳದಲ್ಲಿ, ಪಾಕಿಸ್ತಾನದ ವಿರುದ್ಧ ಜಾವಗಲ್ ಶ್ರೀನಾಥರು 13 ವಿಕೆಟ್ಟುಗಳನ್ನು ಕಿತ್ತ ಪಂದ್ಯದ ಕೊನೆಯ ದಿನ, ಕ್ಷುಬ್ಧರಾದ ಸಹಸ್ರಾರು ಮಂದಿಯನ್ನು ಪೊಲೀಸರು ಹೊರಗಟ್ಟಬೇಕಾಯಿತು. ಬಳಿಕ ಬರಿದಾದ ಅಂಗಳದಲ್ಲಿ ಭಾರತದ ಕೊನೆಯ ವಿಕೆಟ್ಟು ಉರುಳಿ, 46 ರನ್ನುಗಳ ಸೋಲು ಖಚಿತವಾಯಿತು.

2021ರ ಫೆಬ್ರುವರಿಯ ಚೆನ್ನೈ ನಿದರ್ಶನವನ್ನು ಕೆಲವರು ಇದಿರಿಡುವರು: ಇಂಗ್ಲೆಂಡಿನೊಡನೆ ಜನರಿಲ್ಲದ ಮೊದಲ ಟೆಸ್ಟಿನಲ್ಲಿ 227 ರನ್ನುಗಳಿಂದ ಸೋತ ಭಾರತ, ಜನ ಸೇರಿದ ಎರಡನೆಯದನ್ನು 317 ರನ್ನುಗಳಿಂದ ಗೆದ್ದಿತು. ಚಪ್ಪಾಳೆಯ ಪಾಲು ಅದರಲ್ಲಿ ಇರಬಹುದು. ಟಾಸು ನಮಗೆ ದಕ್ಕಿತ್ತು, ಪಿಚ್ಚೂ ಬೇಗನೆ ತಿರುವು ಕೊಟ್ಟಿತ್ತು ಎಂಬುದನ್ನು ಮರೆಯದಿದ್ದರೆ ಸಾಕು. ಅದಾದ ಕೆಲವೇ ದಿನಗಳಲ್ಲಿ ಆರಂಭವಾದ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಕರ್ನಾಟಕದ ದೇವದತ್ತ ಪಡಿಕ್ಕಲ್ ಸತತ ನಾಲ್ಕು ಶತಕಗಳನ್ನು ಹೊಡೆದರು; ನಾಲ್ಕನೆಯದು ಕೇರಳದ ವಿರುದ್ಧ ಕ್ವಾರ್ಟರ್ ಫೈನಲ್ಲಿನಲ್ಲಿ ಬಂದ 101. ಇನ್ನೊಂದು ತುದಿಯಲ್ಲಿ ನಾಯಕ ಸಮರ್ಥ 192 ರನ್ನುಗಳನ್ನು ಬಾರಿಸಿದ ಆ ದಿನ, ಬ್ಯಾಟೆತ್ತಿ ವಂದಿಸಲು ಇಬ್ಬರಿಗೂ ಇದ್ದುದು ತಮ್ಮ ಡ್ರೆಸ್ಸಿಂಗ್ ರೂಮೊಂದೇ.